ಅರೆದಲೆ ನೋವೂ ಆಹಾರದ ಕ್ರಮವೂ

ಮನುಷ್ಯನಿಗೆ ಬರುವ ಬೇನೆಗಳಲ್ಲಿ ತಲೆನೋವಿನಷ್ಟು ಸಾಮಾನ್ಯವಾದುದೂ ಇಲ್ಲ, ಅದರಷ್ಟು ಅಸಡ್ಡೆಗೆ ಗುರಿಯಾದುದೂ ಇಲ್ಲ. ಜ್ವರ ಬಂದವನ ಮೈ ಮುಟ್ಟಿದರೆ ಬಿಸಿ ತಾಗುತ್ತದೆ. ಕಾಲು ಮುರಿದವನ ಕಾಲಿನಲ್ಲಿ ಕಟ್ಟು ಕಾಣುತ್ತದೆ. ತಲೆನೋವಿನವನ ತಲೆಯಾದರೋ ಎಲ್ಲರ ತಲೆಯಂತೆಯೇ ಇರುತ್ತದೆ. ಆದುದರಿಂದ ಅವನ ಮಾತನ್ನು ನಂಬುವವರು ಕಡಮೆ. ಲೆಕ್ಕದ ಪರೀಕ್ಷೆಯ ದಿನ ತಲೆ ಹಿಡಿದು ಕುಳಿತ ಹುಡುಗನನ್ನು ಕಂಡು ಸಹಪಾಠಿಗಳು ನಗುವುದನ್ನೂ, ಪರದೆ ಎಳೆದು ಕತ್ತಲೆಯಲ್ಲಿ ಮಲಗಿದ ಸೊಸೆಯನ್ನು ಕುರಿತು ಹಿರಿಯರು ಗೊಣಗುವುದನ್ನೂ ನಾವೆಲ್ಲರೂ ಕಂಡವರೇ. ತಲೆನೋವುಗಳಲ್ಲಿ ಒಂದು ವಿಶೇಷ ಬಗೆಯಾದ ಅರೆದಲೆ ನೋವನ್ನು, ಇಂದು ಎಲ್ಲರ ಬಾಯಲ್ಲಿರುವ ಹೆಸರಿನಿಂದ ಹೇಳುವುದಾದರೆ ಮೈಗ್ರೇನನ್ನು, ಈ ಲೇಖನದಲ್ಲಿ ಎತ್ತಿಕೊಂಡು, ಅದಕ್ಕೂ ನಮ್ಮ ಊಟತಿಂಡಿಗಳಿಗೂ ಇರುವ ಸಂಬಂಧವೇನೆಂಬುದನ್ನು ವಿಚಾರ ಮಾಡೋಣ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ವಾರಕ್ಕೊಮ್ಮೆಯಾದರೂ ಅರೆದಲೆ ನೋವು ಬರುತ್ತಿತ್ತು. ಬಂಧುಗಳೊಬ್ಬರು ಆಕೆಯ ತಾಯಿಯ ಫೋನಿಗೆ ಒಂದು ಪಟ್ಟಿಯನ್ನು ಕಳುಹಿಸಿದ್ದರು. ಹಾಲು, ಮೊಸರು, ಗೋಧಿ, ಟೊಮೇಟೊ, ಬದನೆ, ಈರುಳ್ಳಿ, ಬಾಳೆಹಣ್ಣು, ಕಿತ್ತಳೆ, ಕಡಲೆಕಾಯಿ, ಹುದುಗು ಬಂದ ಹಿಟ್ಟು ಇವೆಲ್ಲವೂ ಅದರಲ್ಲಿ ವರ್ಜ್ಯ. ಮೂರು ತಿಂಗಳು ಆ ಮಗು ನಿಷ್ಠೆಯಿಂದ ಪಟ್ಟಿಯನ್ನು ಪಾಲಿಸಿತು. ಮೈ ಇಳಿಯಿತು, ನೋವು ಇಳಿಯಲಿಲ್ಲ. ಒಂದು ದಿನ ಎರಡನೆಯ ಪಾಠದ ಹೊತ್ತಿಗೆ ಆಕೆ ಮುಖ ಬಿಳಿಚಿಕೊಂಡು ಮೇಜಿಗೆ ಒರಗಿದಾಗ, ಬೆಳಗ್ಗೆ ಏನು ತಿಂದೆಯಮ್ಮ ಎಂದು ಕೇಳಿದೆವು. “ಏನೂ ಇಲ್ಲ ಸರ್, ಆರು ಗಂಟೆಗೇ ಬಸ್ಸು ಬರುತ್ತೆ” ಎಂದಳು. ಏನನ್ನು ತಿನ್ನಬಾರದು ಎಂಬುದನ್ನು ಆಕೆಗೆ ಹತ್ತು ಮಂದಿ ಹೇಳಿದ್ದರು. ಯಾವಾಗ ತಿನ್ನಬೇಕೆಂಬುದನ್ನು ಯಾರೂ ಹೇಳಿರಲಿಲ್ಲ. ಈ ಬೇನೆಯ ಮಟ್ಟಿಗೆ ಎರಡನೆಯ ಮಾತೇ ಹೆಚ್ಚಿನದೆಂಬುದು ನಮ್ಮ ತಿಳಿವಳಿಕೆ. ಅದಕ್ಕೆ ಆಧಾರವೇನೆಂಬುದನ್ನು ಮುಂದೆ ನೋಡಬಹುದು.

ಮೊದಲು ಹೆಸರು. ಗ್ರೀಕ್ ಭಾಷೆಯಲ್ಲಿ ‘ಹೆಮಿ’ ಎಂದರೆ ಅರ್ಧ, ‘ಕ್ರೇನಿಯನ್’ ಎಂದರೆ ತಲೆಬುರುಡೆ. ಕ್ರಿಸ್ತಶಕ 2ನೆಯ ಶತಮಾನದ ಪ್ರಸಿದ್ಧ ವೈದ್ಯನಾದ ಗೇಲನ್ ಈ ನೋವನ್ನು ‘ಹೆಮಿಕ್ರೇನಿಯ’ ಎಂದು ಕರೆದನು. ಆ ಶಬ್ದವು ಲ್ಯಾಟಿನ್ನಿಗೆ ಹೋಗಿ, ಫ್ರೆಂಚರ ಬಾಯಲ್ಲಿ ತನ್ನ ತಲೆಯನ್ನೂ ಬಾಲವನ್ನೂ ಕಳೆದುಕೊಂಡು, ಇಂಗ್ಲಿಷಿನ ಮೂಲಕ ‘ಮೈಗ್ರೇನ್’ ಎಂದಾಗಿ ನಮ್ಮವರೆಗೆ ಬಂದಿದೆ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ‘ಅರ್ಧಾವಭೇದಕ’ವೆಂದು ಹೆಸರು. ಕನ್ನಡದಲ್ಲಿ ಅರೆ, ತಲೆ ಎಂಬ ಎರಡು ಮಾತುಗಳು ಕೂಡಿ ‘ಅರೆದಲೆ’ ಆಯಿತು. ತಕಾರಕ್ಕೆ ದಕಾರವು ಬಂದಿರುವುದರಿಂದ ಇದು ಆದೇಶ ಸಂಧಿಯೆಂಬುದನ್ನು ವ್ಯಾಕರಣ ಓದಿದವರು ಗುರುತಿಸಿಯೇ ಇರುತ್ತಾರೆ. ಒಬ್ಬರನ್ನೊಬ್ಬರು ಅರಿಯದ ನಾಡುಗಳ ಜನ ಒಂದೇ ಲಕ್ಷಣವನ್ನು ಹಿಡಿದು ಹೆಸರಿಟ್ಟಿದ್ದಾರೆ. ತಲೆಯ ಒಂದು ಪಕ್ಕದಲ್ಲಿ ನಾಡಿ ಬಡಿದಂತೆ ಮಿಡಿಯುವ ನೋವು. ಮೆಟ್ಟಿಲು ಹತ್ತಿದರೆ ಅದು ಇಮ್ಮಡಿಸುವುದು. ವಾಕರಿಕೆ, ಕೆಲವೊಮ್ಮೆ ವಾಂತಿ. ಬೆಳಕನ್ನೂ ಸದ್ದನ್ನೂ ತಾಳಲಾರದಿರುವುದು: ಇವು ಈ ಬೇನೆಯ ಗುರುತುಗಳು. ದೊಡ್ಡವರಲ್ಲಿ ಇದು 4 ಗಂಟೆಗಳಿಂದ 72 ಗಂಟೆಗಳವರೆಗೆ ಕಾಡುತ್ತದೆ. ಮಕ್ಕಳಲ್ಲಿ 2 ಗಂಟೆಗಳಲ್ಲಿಯೇ ಮುಗಿಯುವುದುಂಟು. ಅಲ್ಲದೆ ಅವರಲ್ಲಿ ನೋವು ಅರೆದಲೆಗೆ ನಿಲ್ಲದೆ ಹಣೆಯ ಎರಡು ಬದಿಗೂ ಹರಡುವುದು ಹೆಚ್ಚು. ಆದಕಾರಣ “ನಿನಗೆ ಎರಡು ಕಡೆಯೂ ನೋಯುತ್ತದೆ, ಇದು ಮೈಗ್ರೇನ್ ಅಲ್ಲ” ಎಂದು ಹುಡುಗರಿಗೆ ಹೇಳಿಬಿಡುವುದು ಸರಿಯಲ್ಲ. ಇನ್ನು ಕೆಲವರಿಗೆ ನೋವಿಗೆ ಮುಂಚೆ, ಹಳೆಯ ಕೋಟೆಯ ತೆನೆಗಳಂತೆ ಅಂಕುಡೊಂಕಾದ ಹೊಳೆಯುವ ಗೆರೆಯೊಂದು ಕಣ್ಣೆದುರು ಸರಿಯುತ್ತದೆ.

ಇದು ಎಷ್ಟು ಜನರ ಬೇನೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹೊರದೇಶದ ತಜ್ಞರೊಡನೆ ಸೇರಿ 2009-10ರಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ 2,329 ಮಂದಿಯನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಬಂದವರು ನೂರಕ್ಕೆ 25.2 ಮಂದಿ. ಲೋಕದ ಒಟ್ಟು ಜನರಲ್ಲಿ ಸುಮಾರು ಏಳಕ್ಕೆ ಒಬ್ಬರಿಗೆ ಇದುಂಟೆಂದು ಹೇಳುತ್ತಾರೆ; ನಮ್ಮ ಕನ್ನಡನಾಡಿನಲ್ಲಿ ನಾಲ್ವರಲ್ಲಿ ಒಬ್ಬರಿಗೆ! ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚೆಂಬುದು ಎಲ್ಲ ದೇಶಗಳಲ್ಲೂ ಕಂಡುಬಂದಿರುವ ಸಂಗತಿ. ಆಶ್ಚರ್ಯದ ಮಾತೆಂದರೆ, ನಗರದವರಿಗಿಂತ ಹಳ್ಳಿಯವರಲ್ಲಿ ಈ ಬೇನೆ ಅಧಿಕವಾಗಿತ್ತು. ದೆಹಲಿಯ ಹೊಗೆ ಗದ್ದಲಗಳೇ ನಮ್ಮ ತಲೆನೋವಿಗೆಲ್ಲ ಮೂಲವೆಂದೂ, ಊರಿಗೆ ಹಿಂತಿರುಗಿದರೆ ಎಲ್ಲವೂ ಸರಿಹೋಗುವುದೆಂದೂ ನಂಬಿಕೊಂಡಿರುವ ನಮ್ಮಂತಹ ವಲಸೆಗಾರರು ಈ ಅಂಕಿಯನ್ನು ನೆನಪಿನಲ್ಲಿಡಬೇಕು.

ನೋವು ಹುಟ್ಟುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಿದುಳಿನ ತಿರುಳಿಗೆ ನೋವಿನ ಅರಿವಿಲ್ಲ. ಅದರ ಹೊದಿಕೆಗೂ ಹೊದಿಕೆಯಲ್ಲಿರುವ ರಕ್ತನಾಳಗಳಿಗೂ ಉಂಟು. ಟ್ರೈಜೆಮಿನಲ್ ಎಂಬ ನರದ ಎಳೆಗಳು ಅಲ್ಲಿ ಹರಡಿವೆ. ಅವು ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ವಸ್ತು ಹೊರಬಿದ್ದು ನಾಳಗಳು ಹಿಗ್ಗುತ್ತವೆ, ನೋವು ಮಿಡಿಯುತ್ತದೆ. ನೋವಿನ ವೇಳೆಯಲ್ಲಿ ಈ ವಸ್ತುವು ರಕ್ತದಲ್ಲಿ ಏರಿರುವುದನ್ನು 1990ರಲ್ಲಿ ಪೀಟರ್ ಗೋಡ್ಸ್‌ಬಿ, ಲಾರ್ಸ್ ಎಡ್ವಿನ್ಸನ್ ಮೊದಲಾದವರು ತೋರಿಸಿಕೊಟ್ಟರು. ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು ಇನ್ನೊಂದು ಶೋಧ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರೋಗಿಯೊಬ್ಬರ ಮಿದುಳನ್ನು ಯಂತ್ರದ ಮೂಲಕ 30 ದಿನ ಪ್ರತಿನಿತ್ಯವೂ ಪರೀಕ್ಷಿಸಿದರು. ಆ ಅವಧಿಯಲ್ಲಿ ಮೂರು ಸಲ ನೋವು ಬಂದಿತು. ನೋವು ಕಾಣಿಸಿಕೊಳ್ಳುವ ಹಿಂದಿನ ದಿನವೇ ಮಿದುಳಿನ ಅಡಿಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಭಾಗದ ಚಟುವಟಿಕೆ ಬದಲಾಗಿದ್ದುದು ಕಂಡುಬಂದಿತು. 2016ರಲ್ಲಿ ಪ್ರಕಟವಾದ ಸಂಗತಿಯಿದು. ಹಸಿವು, ಬಾಯಾರಿಕೆ, ನಿದ್ರೆ, ಮೈಬಿಸಿ ಇವುಗಳ ಲೆಕ್ಕವನ್ನಿಡುವ ಕರಣಿಕನು ಈ ಹೈಪೊಥಲಾಮಸ್. ಅರೆದಲೆ ನೋವಿನವರಲ್ಲಿ ಈ ಕರಣಿಕನಿಗೆ ಏರುಪೇರು ಹಿಡಿಸುವುದಿಲ್ಲ. ಉಂಡ ಹೊತ್ತು ತಪ್ಪಿದರೂ, ಮಲಗಿದ ಹೊತ್ತು ತಪ್ಪಿದರೂ ಅವನು ಮುನಿಯುತ್ತಾನೆ.

ಹೊತ್ತು ಮೀರಿದ ಊಟಕ್ಕೂ ತಲೆನೋವಿಗೂ ಇರುವ ನಂಟನ್ನು ನಮ್ಮ ಹಿಂದಿನವರು ಅರಿಯದೆ ಇರಲಿಲ್ಲ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಅರ್ಧಾವಭೇದಕದ ಕಾರಣಗಳನ್ನು ಹೇಳುವಾಗ, ಜಿಡ್ಡಿಲ್ಲದ ಒಣ ಆಹಾರ, ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದು, ಮೂಡಣ ಗಾಳಿ, ಇಬ್ಬನಿ, ಮಲಮೂತ್ರಗಳ ವೇಗವನ್ನು ತಡೆಯುವುದು, ಅತಿಯಾದ ಶ್ರಮ ಮೊದಲಾದವುಗಳನ್ನು ಎಣಿಸಿದ್ದಾರೆ. ಆ ಗ್ರಂಥದ ವಾತಪಿತ್ತಗಳ ವಿವರಣೆಯನ್ನು ಇಂದಿನ ವಿಜ್ಞಾನದೊಡನೆ ಬಲವಂತವಾಗಿ ಹೊಂದಿಸಹೋಗುವುದು ಬೇಡ. ಆದರೆ ಈ ಪಟ್ಟಿಯಲ್ಲಿ ಇಂಥ ಕಾಯಿ, ಇಂಥ ಹಣ್ಣು ಎಂಬ ಹೆಸರುಗಳಿಗಿಂತ ದಿನಚರಿಯ ಕ್ರಮಭಂಗಗಳೇ ಹೆಚ್ಚಾಗಿವೆ ಎಂಬುದು ಗಮನಿಸತಕ್ಕ ಅಂಶ.

ಇಂದಿರಾಪುರಂನಂತಹ ಬಡಾವಣೆಯಲ್ಲಿ ವಾಸಿಸುವವರ ಬೆಳಗನ್ನು ನೋಡಿ. ಇದು ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಗೆ ಸೇರಿದ ಊರು. ನಮ್ಮ ಶಾಲೆ, ಕಛೇರಿಗಳೆಲ್ಲ ಯಮುನೆಯ ಆಚೆ. ವೈಶಾಲಿಯಲ್ಲಿ ಮೆಟ್ರೊ ಹಿಡಿದು ಮಂಡಿ ಹೌಸಿನಲ್ಲಿ ಗಾಡಿ ಬದಲಿಸಿ ಹೋಗುವ ನಮ್ಮಂತಹವರೂ, ಶಾಲೆಯ ಬಸ್ಸಿಗಾಗಿ ನ್ಯಾಯಖಂಡದ ತಿರುವಿನಲ್ಲೋ ಶಕ್ತಿಖಂಡದ ಬಾಗಿಲಲ್ಲೋ ನಿಲ್ಲುವ ಮಕ್ಕಳೂ ಕತ್ತಲಿರುವಾಗಲೇ ಮನೆ ಬಿಡಬೇಕು. ರಾತ್ರಿ ಎಂಟಕ್ಕೆ ಉಂಡ ಮಗು ಮರುದಿನ ಹತ್ತೂವರೆಯ ವಿರಾಮದಲ್ಲಿ ಡಬ್ಬಿ ತೆರೆದರೆ ನಡುವೆ ಹದಿನಾಲ್ಕೂವರೆ ಗಂಟೆಯ ಉಪವಾಸವಾಯಿತು. ಮಿದುಳು ತೂಕದಲ್ಲಿ ದೇಹದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಅಷ್ಟು ದೊಡ್ಡ ಖರ್ಚಿನ ಮನೆಯಲ್ಲಿ ವರಮಾನ ನಿಂತರೆ ಜಗಳವಾಗದೆ ಇದ್ದೀತೆ? ಉಪವಾಸದಿಂದ ತಲೆನೋವು ಬರುವುದು ಎಲ್ಲ ಮತಗಳವರ ಅನುಭವದಲ್ಲೂ ಇದೆ. ಯಹೂದಿಗಳ ಯೋಮ್ ಕಿಪ್ಪೂರ್ ಉಪವಾಸದ ದಿನದ ತಲೆನೋವನ್ನೂ, ಮುಸಲ್ಮಾನರ ರಂಜಾನ್ ತಿಂಗಳ ಮೊದಲ ದಿನದ ತಲೆನೋವನ್ನೂ ಕುರಿತು ವೈದ್ಯರು ಪ್ರತ್ಯೇಕವಾಗಿ ಅಭ್ಯಾಸ ಮಾಡಿದ್ದಾರೆ. ನಮ್ಮ ನೆರೆಹೊರೆಯಲ್ಲಿ ಕರ್ವಾ ಚೌತಿನ ದಿನ ಹೆಂಗಸರು ಚಂದ್ರನನ್ನು ಕಾಣುವವರೆಗೆ ನೀರನ್ನೂ ಕುಡಿಯುವುದಿಲ್ಲ. ನಮ್ಮ ಮನೆಗಳಲ್ಲಿ ಸಂಕಷ್ಟಿ, ಏಕಾದಶಿಗಳುಂಟು. ವ್ರತ ಬಿಡಿರೆಂದು ಹೇಳಲು ನಾವು ಯಾರು? ಅರೆದಲೆ ನೋವಿನವರು ಹಣ್ಣುಹಾಲಿನ ಉಪವಾಸಕ್ಕೆ ಒಪ್ಪಿಕೊಂಡರೆ ದೇವರು ಕೋಪಿಸಿಕೊಳ್ಳುವನೆಂದು ನಮಗೇನೋ ತೋರುವುದಿಲ್ಲ.

ಹಬ್ಬದ ದಿನದ ಮಾತನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ತಪ್ಪು ತೀರ್ಮಾನಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಯುಗಾದಿಯ ದಿನ ಮನೆಯ ಗೃಹಿಣಿ ನಸುಕಿನಲ್ಲೆದ್ದು ಎಣ್ಣೆ ಹಚ್ಚಿ ತಲೆಗೆ ಎರೆದುಕೊಳ್ಳುತ್ತಾಳೆ. ಒದ್ದೆ ಕೂದಲಿಗೆ ಬಟ್ಟೆ ಸುತ್ತಿ ಒಲೆಯ ಮುಂದೆ ನಿಲ್ಲುತ್ತಾಳೆ. ನೈವೇದ್ಯವಾಗುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಎಂದಿನ ಕಾಫಿಯೂ ಇಲ್ಲ. ಬಾಗಿಲು ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಊದುಬತ್ತಿ, ಕರ್ಪೂರಗಳ ಹೊಗೆ ತುಂಬುತ್ತದೆ. ಮಧ್ಯಾಹ್ನ ಎರಡಕ್ಕೆ ಊಟ; ಸಂಜೆಗೆ ತಲೆ ಸಿಡಿಯುತ್ತದೆ. ಆಗ ಮನೆಮಂದಿಯ ತೀರ್ಪು: ಹೋಳಿಗೆ ಹೆಚ್ಚಾಯಿತು! ಮುಂಬಯಿಯ ವೈದ್ಯ ಡಾ. ಕೆ. ರವಿಶಂಕರ್ ಅವರು ತಲೆಸ್ನಾನದಿಂದಲೇ ಅರೆದಲೆ ನೋವು ಕೆರಳುವ 94 ಮಂದಿ ಭಾರತೀಯ ರೋಗಿಗಳ ವಿಷಯವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ತೀಕ್ಷ್ಣವಾದ ವಾಸನೆ, ಹಸಿವು, ಕಾಫಿಯ ತಡ ಇವೆಲ್ಲವೂ ನೋವನ್ನು ಕೆರಳಿಸತಕ್ಕವು. ನಾಲ್ವರು ಅಪರಾಧಿಗಳು ಬಂದುಹೋದ ಮನೆಯಲ್ಲಿ ಕೊನೆಗೆ ಸಿಕ್ಕಿದವನು ಹೋಳಿಗೆಯೊಂದೇ ಆಗಿದ್ದುದರಿಂದ ಶಿಕ್ಷೆ ಅದಕ್ಕಾಯಿತು.

ಕಾಫಿಯ ವಿಚಾರ ಇನ್ನೂ ಸೋಜಿಗದ್ದು. ಅದು ನೋವನ್ನು ತರಲೂ ಬಲ್ಲದು, ಕಳೆಯಲೂ ಬಲ್ಲದು. ಜರ್ಮನ್ ರಸಾಯನಶಾಸ್ತ್ರಜ್ಞ ರುಂಗೆ 1819ರಲ್ಲಿ ಕಾಫಿಬೀಜದಿಂದ ಬೇರ್ಪಡಿಸಿದ ಕೆಫೀನ್ ಎಂಬ ವಸ್ತುವೇ ಇದಕ್ಕೆ ಕಾರಣ. (ಆ ಬೀಜಗಳನ್ನು ಅವನ ಕೈಗೆ ಕೊಟ್ಟವನು ಮಹಾಕವಿ ಗಯಟೆ ಎಂಬುದು ಸಾಹಿತ್ಯಪ್ರಿಯರಿಗೆ ಹಿಡಿಸುವ ಸಂಗತಿ.) ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಗುಳಿಗೆಗಳಲ್ಲಿ ಕೆಫೀನ್ ಬೆರೆತಿರುತ್ತದೆ, ಅದು ನೋವು ಶಮನದ ಔಷಧಕ್ಕೆ ಒತ್ತಾಸೆ ಕೊಡುತ್ತದೆ. ಆದರೆ ನಿತ್ಯ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು ಹುಟ್ಟಿ, ಎರಡು ದಿನದಿಂದ ಒಂಬತ್ತು ದಿನಗಳವರೆಗೂ ಕಾಡಬಹುದು. ಭಾನುವಾರ ಬೆಳಗ್ಗೆ ಬರುವ ತಲೆನೋವಿಗೆ ಕಾರಣವನ್ನು ಬಹುಸಂದರ್ಭಗಳಲ್ಲಿ ಇಲ್ಲಿಯೇ ಹುಡುಕಬಹುದು: ನಿದ್ರೆಯೂ ಹೆಚ್ಚು, ಕಾಫಿಯೂ ತಡ, ತಿಂಡಿಯೂ ತಡ. ಅಮೆರಿಕದಲ್ಲಿ ಆಗಾಗ ಅರೆದಲೆ ನೋವು ಬರುವ 98 ಮಂದಿ ಆರು ವಾರಗಳ ಕಾಲ ದಿನಕ್ಕೆರಡು ಸಲ ದಿನಚರಿ ಬರೆದರು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ದಿನಕ್ಕೆ ಒಂದೆರಡು ಪಾನೀಯಗಳಿಂದ ನೋವಿನ ಸಂಭವ ಹೆಚ್ಚಿರಲಿಲ್ಲ. ಮೂರು ಅಥವಾ ಅದಕ್ಕೆ ಮೇಲಾದಾಗ ಹೆಚ್ಚಿತ್ತು. ದೊಡ್ಡವರು ತಮ್ಮ ಫಿಲ್ಟರ್ ಕಾಫಿಯನ್ನು ಬಿಡಬೇಕಾಗಿಲ್ಲ. ಲೋಟ ಎರಡನ್ನು ಮೀರದಂತೆ, ಪ್ರತಿದಿನವೂ ಅದೇ ಹೊತ್ತಿಗೆ, ಬರಿಹೊಟ್ಟೆಯಲ್ಲಿ ಬೇಡ. ಕಡಮೆ ಮಾಡುವವರು ಕ್ರಮಕ್ರಮವಾಗಿ ಮಾಡಬೇಕು. ವಿದ್ಯಾರ್ಥಿಗಳಿಗಂತೂ ಕಾಫಿಯ ಅಗತ್ಯವೇ ಇಲ್ಲ. ಪರೀಕ್ಷೆಯ ರಾತ್ರಿಗಳಲ್ಲಿ ಡಬ್ಬಿಯಲ್ಲಿ ಬರುವ ಶಕ್ತಿಪಾನೀಯಗಳನ್ನು ಕುಡಿಯುವ ಹೊಸ ಚಟವನ್ನು ಕೆಲವರಲ್ಲಿ ಕಂಡಿದ್ದೇವೆ. ಅವುಗಳಲ್ಲಿರುವುದೂ ಮುಖ್ಯವಾಗಿ ಇದೇ ಕೆಫೀನು.

ಇನ್ನು ಪ್ರಸಿದ್ಧ ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯೋಣ. 1967ರಲ್ಲಿ ಲಂಡನ್ನಿನ ಡಾ. ಎಡ್ಡಾ ಹ್ಯಾನಿಂಗ್ಟನ್ ಎಂಬ ವೈದ್ಯೆ, ಮಾಗಿದ ಚೀಸಿನಲ್ಲಿರುವ ಟೈರಮೀನ್ ಎಂಬ ವಸ್ತು ಕೆಲವರಲ್ಲಿ ನೋವನ್ನು ಕೆರಳಿಸುವುದೆಂದು ವರದಿ ಮಾಡಿದರು. ಅನಂತರದ ಪ್ರಯೋಗಗಳಲ್ಲಿ ಕೆಲವು ಅದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ. ಹೇಗೂ ಅಂದಿನಿಂದ ಹುದುಗಿದ ಪದಾರ್ಥಗಳೆಲ್ಲ ಕಪ್ಪುಪಟ್ಟಿಗೆ ಸೇರಿದವು. ಆ ಪಟ್ಟಿ ಸಮುದ್ರ ದಾಟಿ ಬಂದು ನಮ್ಮ ಇಡ್ಲಿ ದೋಸೆಗಳ ಮೇಲೂ ಕೈಯಿಟ್ಟಿತು. ಟೈರಮೀನ್ ಸೇರಿಕೊಳ್ಳುವುದು ತಿಂಗಳುಗಟ್ಟಲೆ ಮಾಗಿದ ಪದಾರ್ಥಗಳಲ್ಲಿ. ನಮ್ಮ ಹಿಟ್ಟು ಹುದುಗುವುದು ಒಂದು ರಾತ್ರಿ. ಚೀಸಿನ ಪಾಪಕ್ಕೆ ಇಡ್ಲಿಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ಚಾಕೊಲೇಟಿನ ವಿಷಯದಲ್ಲಿ 1997ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದಿದೆ. ತಲೆನೋವಿನಿಂದ ಬಳಲುವ 63 ಮಂದಿ ಹೆಂಗಸರಿಗೆ ಕೆಲವು ಸಲ ಚಾಕೊಲೇಟನ್ನೂ, ಕೆಲವು ಸಲ ಅದೇ ರುಚಿ ಬರುವಂತೆ ಮಾಡಿದ ಕ್ಯಾರಬ್ ಎಂಬ ಕಾಯಿಯ ತಿನಿಸನ್ನೂ, ಯಾವುದು ಯಾವುದೆಂದು ತಿಳಿಯದಂತೆ ಕೊಟ್ಟರು. ಚಾಕೊಲೇಟಿನಿಂದ ನೋವು ಹೆಚ್ಚಾಗಿ ಬರಲಿಲ್ಲ. ಹಾಗಾದರೆ ಅಷ್ಟೊಂದು ಜನ ಅದನ್ನು ದೂರುವುದೇಕೆ? ಮೇಲೆ ಹೇಳಿದ ಹ್ಯಾಂಬರ್ಗಿನ ಶೋಧವನ್ನು ಇಲ್ಲಿ ಸ್ಮರಿಸಬೇಕು. ನೋವಿನ ಹಿಂದಿನ ದಿನವೇ ಹಸಿವಿನ ಕರಣಿಕನು ಕೆಡುತ್ತಾನೆ. ಆಗ ಕೆಲವರಿಗೆ ಆಕಳಿಕೆ ಬರುತ್ತದೆ, ಕೆಲವರಿಗೆ ಸಿಹಿಯ ಮೇಲೆ ಅತಿಯಾದ ಆಸೆ ಹುಟ್ಟುತ್ತದೆ. ನೋವು ಆಗಲೇ ಹೊರಟಿದೆ. ಅದರ ಮುಂದಾಳಾಗಿ ಬಂದ ಆಸೆ ಚಾಕೊಲೇಟನ್ನು ತಿನ್ನಿಸಿತು. ಹಿಂದೆ ಬಂದವನನ್ನು ನೋಡಿ ಮುಂದೆ ಬಂದವನೇ ಕಾರಣವೆಂದು ನಾವು ತಿಳಿದೆವು. ಅಜಿನೊಮೊಟೊ ಎಂದು ಮನೆಮಾತಾಗಿರುವ ಮಾನೊಸೋಡಿಯಮ್ ಗ್ಲುಟಮೇಟಿನ ಕಥೆಯೂ ಇಂಥದೇ. 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಬಂದ ಒಂದು ಕಾಗದದಿಂದ ಅದಕ್ಕೆ ಅಪಕೀರ್ತಿ ಹತ್ತಿತು. ಎಚ್ಚರದಿಂದ ಮಾಡಿದ ಪ್ರಯೋಗಗಳಲ್ಲಿ ಫಲ ಒಂದೇ ತೆರನಾಗಿ ಬಂದಿಲ್ಲ. ಇದರರ್ಥ ಬೀದಿಯ ಚೌಮೀನನ್ನೂ ಮೊಮೊವನ್ನೂ ನಿತ್ಯ ತಿನ್ನಿರೆಂದಲ್ಲ. ಅವುಗಳನ್ನು ದೂರವಿಡಲು ಬೇರೆ ಕಾರಣಗಳು ಬೇಕಾದಷ್ಟಿವೆ. ದೊಡ್ಡವರಲ್ಲಿ ಮದ್ಯವು ನೋವನ್ನು ಕೆರಳಿಸುವುದೆಂಬುದನ್ನು ಇಲ್ಲಿ ಹೆಸರಿಸಿ ಬಿಟ್ಟರೆ ಸಾಕು.

ಆದರೆ ಆಹಾರವನ್ನು ಬಿಟ್ಟುದರಿಂದ ಗುಣವಾದವರೇ ಇಲ್ಲವೆ? ಇದ್ದಾರೆ. 1983ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಡಾ. ಎಗ್ಗರ್ ಮತ್ತು ಸಂಗಡಿಗರು, ಪದೇಪದೇ ತೀವ್ರವಾದ ನೋವು ಬರುತ್ತಿದ್ದ 88 ಮಕ್ಕಳಿಗೆ ಕೆಲವೇ ಪದಾರ್ಥಗಳ ಊಟ ಕೊಟ್ಟು, ಅನಂತರ ಒಂದೊಂದೇ ಪದಾರ್ಥವನ್ನು ಮರಳಿ ಸೇರಿಸುತ್ತ ಬಂದರು. ನೂರಕ್ಕೆ 93 ಮಕ್ಕಳು ಚೇತರಿಸಿಕೊಂಡರು. ಹಸುವಿನ ಹಾಲು, ಮೊಟ್ಟೆ, ಚಾಕೊಲೇಟ್, ಕಿತ್ತಳೆ, ಗೋಧಿ ಮೊದಲಾದವು ಅಲ್ಲಿ ದೋಷಿಗಳಾಗಿ ಕಂಡವು. ಈ ಪ್ರಯೋಗವನ್ನೇ ಹಿಡಿದು ಇಂದಿಗೂ ಪಟ್ಟಿಗಳನ್ನು ಮಾಡುವವರಿದ್ದಾರೆ. ಅವರು ಮರೆಯುವುದು ಎರಡು ಮಾತುಗಳನ್ನು: ಆ ಮಕ್ಕಳ ಬೇನೆ ಸಾಮಾನ್ಯವಾದುದಾಗಿರಲಿಲ್ಲ; ಮತ್ತು ಒಂದೊಂದು ಮಗುವಿಗೆ ಒಂದೊಂದು ಪದಾರ್ಥ ಸಲ್ಲದಾಗಿತ್ತು. ಒಬ್ಬನ ದೋಷಿಯನ್ನು ಎಲ್ಲರ ದೋಷಿಯನ್ನಾಗಿ ಮಾಡಲು ಆ ಪ್ರಯೋಗದಲ್ಲಿ ಆಧಾರವಿಲ್ಲ. ಅದು ವೈದ್ಯರ ಕಣ್ಣೆದುರಿನಲ್ಲಿ ನಡೆದ ಚಿಕಿತ್ಸೆ. ಮನೆಯಲ್ಲಿ ತಾನಾಗಿ ಮಾಡತಕ್ಕುದಲ್ಲ. ಬೆಳೆಯುವ ಮಗುವಿನಿಂದ ಹಾಲು, ಮೊಸರು, ಕಾಳುಗಳನ್ನು ಒಟ್ಟಿಗೆ ಕಿತ್ತುಕೊಂಡರೆ ತಲೆನೋವಿನ ಜೊತೆಗೆ ನಿಶ್ಶಕ್ತಿಯೂ ಸೇರಿಕೊಳ್ಳುತ್ತದೆ.

ಹಾಗಾದರೆ ನಮ್ಮ ನಮ್ಮ ದೋಷಿಯನ್ನು ಹಿಡಿಯುವ ಬಗೆ ಹೇಗೆ? ಒಂದು ನೋಟುಪುಸ್ತಕ ಸಾಕು. ಅದರಲ್ಲಿ ಪ್ರತಿದಿನ ಎದ್ದ ಹೊತ್ತು, ಮಲಗಿದ ಹೊತ್ತು, ಪ್ರತಿಯೊಂದು ಊಟತಿಂಡಿಯ ಹೊತ್ತು, ತಿಂದ ಪದಾರ್ಥ, ಕುಡಿದ ನೀರು, ಕಾಫಿ ಅಥವಾ ಚಹಾ ಎಷ್ಟು, ಬಿಸಿಲಿನಲ್ಲಿ ಅಲೆದುದು, ತಲೆಸ್ನಾನ, ಹೆಣ್ಣುಮಕ್ಕಳಾದರೆ ಮುಟ್ಟಿನ ದಿನ, ಕೊನೆಗೆ ನೋವು ಬಂದಿತೇ ಇಲ್ಲವೇ ಎಂಬುದನ್ನು ಬರೆಯಬೇಕು. ನೋವು ಬಂದ ದಿನ ಮಾತ್ರ ಬರೆಯುವವರೇ ಹೆಚ್ಚು. ನೋವಿಲ್ಲದ ದಿನದ ಬರೆಹವೂ ಅಷ್ಟೇ ಅಗತ್ಯ. ಏಕೆಂಬುದಕ್ಕೆ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹುಡುಗನು 60 ದಿನ ಬರೆದಿಟ್ಟಿದ್ದಾನೆ. ನೋವು ಬಂದ ದಿನಗಳು 12. ಚೌಮೀನ್ ತಿಂದ ದಿನಗಳು 10. ಅವುಗಳಲ್ಲಿ 2 ದಿನ ನೋವು ಬಂದಿತ್ತು. ಆ ಎರಡು ದಿನಗಳನ್ನಷ್ಟೇ ನೆನಪಿಟ್ಟರೆ ಚೌಮೀನೇ ದೋಷಿ. ಆದರೆ ತಿನ್ನದ 50 ದಿನಗಳಲ್ಲಿ ನೋವು ಬಂದುದು 10 ದಿನ. ತಿಂದರೂ ಐದಕ್ಕೊಂದು, ತಿನ್ನದಿದ್ದರೂ ಐದಕ್ಕೊಂದು. ಚೌಮೀನಿಗೂ ನೋವಿಗೂ ನಂಟಿಲ್ಲ. ಅದೇ ಪುಸ್ತಕದಲ್ಲಿ ಬೆಳಗಿನ ತಿಂಡಿ ತಪ್ಪಿದ ದಿನಗಳನ್ನು ಎಣಿಸಿದರೆ 15; ಅವುಗಳಲ್ಲಿ ನೋವು 8. ತಿಂಡಿ ತಿಂದ 45 ದಿನಗಳಲ್ಲಿ ನೋವು 4 ಮಾತ್ರ. ಅಲ್ಲಿ ಅರ್ಧಕ್ಕಿಂತ ಹೆಚ್ಚು, ಇಲ್ಲಿ ಹನ್ನೊಂದಕ್ಕೊಂದು! ನಮ್ಮ ಗಣಿತದ ಮೇಷ್ಟರು ಇಷ್ಟಕ್ಕೇ ತೃಪ್ತರಾಗುವುದಿಲ್ಲ. ತಿಂಡಿ ತಪ್ಪಿದ ದಿನ ನಿದ್ರೆಯೂ ತಪ್ಪಿದ್ದಿರಬಹುದಲ್ಲ ಎಂದು ಅವರು ಕೇಳುತ್ತಾರೆ, ಕೇಳಬೇಕಾದ್ದೇ. ಆದುದರಿಂದ ಒಂದೇ ಒಂದನ್ನು ಬದಲಿಸಿ, ಉಳಿದುದನ್ನು ಇದ್ದಂತೆಯೇ ಇಟ್ಟು, ನಾಲ್ಕು ವಾರ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ನಮ್ಮ ತರಗತಿಯ ಆ ವಿದ್ಯಾರ್ಥಿನಿ ಇದನ್ನೇ ಮಾಡಿದಳು. ಹಾಲು ಮೊಸರು ಮರಳಿ ಬಂದವು. ಬಸ್ಸು ಹತ್ತುವ ಮುಂಚೆ ಒಂದು ಬಾಳೆಹಣ್ಣು, ರಾತ್ರಿಯೇ ಮಾಡಿಟ್ಟ ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ಒಂದು ಲೋಟ, ಮೊದಲನೆಯ ಪಾಠ ಮುಗಿದೊಡನೆ ಹೆಡ್ ಮೇಷ್ಟರ ಅನುಮತಿಯಿಂದ ಒಂದು ಶೇಂಗಾ ಉಂಡೆ. ನೋವು ಪೂರ್ತಿ ಹೋಯಿತೆಂದು ಹೇಳಲಾರೆವು; ತಿಂಗಳಿಗೊಮ್ಮೆ ಈಗಲೂ ಬರುತ್ತದೆ, ಬಂದಾಗ ಆಕೆ ತಯಾರಿರುತ್ತಾಳೆ. ಹತ್ತನೆಯ ತರಗತಿಯ ಪರೀಕ್ಷೆಗಳೆಲ್ಲಕ್ಕೂ ಕುಳಿತಳು.

ಬಿಡುವ ಮಾತಾಯಿತು, ಸೇರಿಸತಕ್ಕ ಪದಾರ್ಥಗಳೂ ಉಂಟೆ? 2021ರಲ್ಲಿ ಅಮೆರಿಕದಲ್ಲಿ 182 ಮಂದಿಯ ಮೇಲೆ ನಡೆದ 16 ವಾರಗಳ ಪ್ರಯೋಗವೊಂದು ಪ್ರಕಟವಾಯಿತು. ಕೊಬ್ಬುಳ್ಳ ಮೀನುಗಳಲ್ಲಿರುವ ಒಮೆಗಾ-3 ಎಂಬ ಜಿಡ್ಡನ್ನು ಹೆಚ್ಚಿಸಿ, ಕೆಲವು ಬೀಜದೆಣ್ಣೆಗಳಲ್ಲಿ ಹೇರಳವಾಗಿರುವ ಒಮೆಗಾ-6 ಜಿಡ್ಡನ್ನು ಕಡಮೆ ಮಾಡಿದ ಗುಂಪಿನವರಿಗೆ, ಎಂದಿನ ಊಟದವರಿಗಿಂತ ತಿಂಗಳಿಗೆ ಸುಮಾರು 4 ದಿನಗಳಷ್ಟು ತಲೆನೋವು ಇಳಿಯಿತು. ಮಂಗಳೂರು, ಕಾರವಾರದ ಕಡೆಯವರು ಬಂಗುಡೆ, ಬೂತಾಯಿಗಳನ್ನು ನೆನೆದು ಹಿಗ್ಗಬಹುದು. ಮೀನು ತಿನ್ನದ ನಾವು ಧಾರವಾಡದ ಕಡೆಯ ಅಗಸಿ ಚಟ್ನಿಪುಡಿಯನ್ನು ಮುಂದಿಡುತ್ತೇವೆ. ಆದರೆ ಅಗಸೆಯಲ್ಲಿರುವುದು ಒಮೆಗಾ-3ರ ಬೇರೊಂದು ರೂಪ, ನಮ್ಮ ದೇಹವು ಅದನ್ನು ಮೀನಿನ ರೂಪಕ್ಕೆ ತಿರುಗಿಸಿಕೊಳ್ಳುವುದು ಬಹು ಅಲ್ಪ. ಪುಡಿ ರುಚಿಯಾದುದು, ಒಳ್ಳೆಯದು. ಮೀನಿನ ಪ್ರಯೋಗದ ಫಲವನ್ನು ಅದಕ್ಕೆ ಹಚ್ಚಲಾಗದು. ನೀರಿನ ಸಂಗತಿಯೂ ಸ್ವಲ್ಪ ವಿಚಿತ್ರವೇ. ನೆದರ್ಲೆಂಡ್ಸ್ ದೇಶದಲ್ಲಿ 102 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿಯಹೇಳಿದರು. 2012ರ ಆ ವರದಿಯಂತೆ ನೋವಿನ ದಿನಗಳ ಎಣಿಕೆ ಇಳಿಯಲಿಲ್ಲ. ಆದರೂ ನೀರು ಕುಡಿದವರಲ್ಲಿ ಹೆಚ್ಚು ಮಂದಿ ತಮಗೆ ಹಾಯಾಗಿದೆಯೆಂದರು. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ನಮ್ಮ ಈ ಸೀಮೆಯಲ್ಲಿ, ಶಾಲೆಯ ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ಹೆಣ್ಣುಮಕ್ಕಳು ದಿನವಿಡೀ ನೀರು ಕುಡಿಯದೆ ಇರುವುದನ್ನು ನಾವು ಬಲ್ಲೆವು. ಅವರಿಗೆ ಯಾವ ದೇಶದ ಪ್ರಯೋಗವೂ ಬೇಕಿಲ್ಲ. ಬಾಗಿಲಿಗೆ ಚಿಲಕವಿರುವ ಶುಚಿಯಾದ ಶೌಚಾಲಯ ಬೇಕು.

ಕೊನೆಯದಾಗಿ ಔಷಧದ ಮಾತು. ಆಹಾರದ ಕ್ರಮದಿಂದ ನೋವು ವಿರಳವಾಗಬಹುದು. ಬಂದ ನೋವಿಗೆ ಔಷಧ ಬೇಕಾಗುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಅಂಗಡಿಯಿಂದ ತಂದ ಗುಳಿಗೆಗಳನ್ನು ತಿಂಗಳಿನಲ್ಲಿ 10-15 ದಿನ ನುಂಗುತ್ತ ಮೂರು ತಿಂಗಳು ಕಳೆದರೆ ಗುಳಿಗೆಯೇ ತಲೆನೋವನ್ನು ತರತೊಡಗುತ್ತದೆ. ಥಟ್ಟನೆ ಸಿಡಿಲಿನಂತೆ ಎರಗಿದ ತಲೆನೋವು, ಜ್ವರದೊಡನೆ ಕುತ್ತಿಗೆ ಸೆಟೆದುಕೊಳ್ಳುವುದು, ತಲೆಗೆ ಪೆಟ್ಟು ಬಿದ್ದ ಬಳಿಕ ಬಂದ ನೋವು, ಕೈಕಾಲುಗಳ ಸ್ವಾಧೀನ ತಪ್ಪುವುದು, ಮಾತು ತೊದಲುವುದು, ನಿದ್ರೆಯಿಂದಲೇ ಎಬ್ಬಿಸುವ ನೋವಿನೊಡನೆ ದಿನದಿನಕ್ಕೂ ಹೆಚ್ಚುವ ವಾಂತಿ: ಇವುಗಳಲ್ಲಿ ಯಾವುದು ಕಂಡರೂ ನೋಟುಪುಸ್ತಕವನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಉಳಿದವರು ಪುಸ್ತಕವನ್ನು ಜೊತೆಯಲ್ಲಿ ಒಯ್ಯಬೇಕು. ನೋವು ತಿಂಗಳಿಗೆ ಎಷ್ಟು ದಿನ, ಎಷ್ಟು ಗಂಟೆ, ಅಂದು ಯಾವ ಹೊತ್ತಿಗೆ ಉಂಡಿರಿ, ಎಷ್ಟು ಗುಳಿಗೆ ನುಂಗಿದಿರಿ ಎಂದೇ ವೈದ್ಯರು ಮೊದಲು ಕೇಳುತ್ತಾರೆ. ನೋವಿನ ನಡುವೆ ಇವು ಯಾರಿಗೂ ನೆನಪಿರುವುದಿಲ್ಲ.